ಕೂಸಿನ ಪಾಳಿ

ಈಗ ನನ್ನನ್ನು ಅಲ್ಲಲ್ಲಿ ಸಭೆಗಳಿಗೆ ಕರೆಯುತ್ತಾರೆ. ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಸಮಾಜಸೇವೆಯ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿರಿ ಎನ್ನುತ್ತಾರೆ. ನಿವೃತ್ತ ಶಾಲಾ ಶಿಕ್ಷಕಿ ಎಂದ ಮೇಲೆ ಮಾತಿನ ಚೀಲ ಹೊತ್ತುಕೊಂಡೇ ತಿರುಗುತ್ತಾಳೆ ಎಂದು ಅವರ ಎಣಿಕೆ. ಮಹತ್ವ ಗಿಹತ್ವ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಒಂದು ಮನೆ, ಆ ಮನೆಯಲ್ಲಿ ನಡೆದ ಜಗಳ, ಆ ಜಗಳದಿಂದ ಓಣಿಗೆ ಓಣಿಯೇ ಮೈಕೊಡವಿ ಎದ್ದ ಸಂಗತಿ. ಸೇವೆ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ ನೆನಪಿಲ್ಲ. ನಮ್ಮ ಆಯಿಯನ್ನು, ಅಂದರೆ ಅವ್ವನ ಅವ್ವನನ್ನು, ಯಾರಾದರೂ ಸಮಾಜಸೇವಕಿ ಎಂದಿದ್ದರೆ ಅದು ಬೈಗುಳವಿರಬೇಕೆಂದು ತಿಳಿದು ಆಕೆ ತಿರುಗಿ ನಾಲ್ಕು ಬೈದುಬಿಡುತ್ತಿದ್ದಳು.

ಮನೆ ಇದ್ದದ್ದು ರಾಯಚೂರಿನಲ್ಲಿ, ಗಂಜಿನ ಹಿಂದಿನ ಓಣಿಯಲ್ಲಿ. ಕಾಳುಕಡಿ, ಹತ್ತಿ ಮಾರುವ ಆ ದೊಡ್ಡ ಪೇಟೆಯಲ್ಲಿ ಅಪ್ಪ ಹಮಾಲ. ಅವ್ವ ಅದರಾಚೆಗಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ. ಅಪ್ಪನ ಊರು ದೇವದುರ್ಗ, ಅವ್ವನದು ಮಾನ್ವಿ. ಇಬ್ಬರೂ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ದುಡಿಮೆ ಹುಡುಕಿಕೊಂಡು ಶಹರಕ್ಕೆ ಬಂದವರು. ಮನೆ ಎಂದರೆ ಒಂದೇ ಒಂದು ಉದ್ದನೆಯ ಕೋಣೆ. ಹಿಂದೊಮ್ಮೆ ಅದು ಯಾರದೋ ಎತ್ತಿನ ಕೊಟ್ಟಿಗೆಯಾಗಿತ್ತಂತೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯನ್ನು ಹೊತ್ತ ಬೇವಿನ ದಪ್ಪ ತೊಲೆಗಳು. ಎತ್ತುಗಳಿಗೆ ಮೇವು ಹಾಕುತ್ತಿದ್ದ ಗೋದಲಿ ಗೋಡೆಗುಂಟ ಹಾಗೇ ಉಳಿದಿತ್ತು. ಅವ್ವ ಅದನ್ನು ಸಾರಿಸಿ, ಒಳಗೆ ಹಾಸಿಗೆ, ಬೋಗುಣಿ, ಜೋಳದ ಗಡಿಗೆ ಜೋಡಿಸಿದ್ದಳು. ಒಲೆಯ ಮೇಲಿನ ಮಾಡದಲ್ಲಿ ಅವ್ವನ ಹುಲಿಗೆಮ್ಮನ ಪಟ ಇತ್ತು. ಅಪ್ಪ ಒಮ್ಮೆ ಯಾವುದೋ ಸಭೆಯಿಂದ ಬುದ್ಧನ ಪಟ ತಂದು ಅದರ ಪಕ್ಕಕ್ಕೇ ಇಟ್ಟ. ಅವ್ವ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದು, ಮೂರನೆಯ ದಿನ ಇಬ್ಬರಿಗೂ ಕೂಡಿಯೇ ಊದುಬತ್ತಿ ಬೆಳಗಿದಳು. ಸಂಜೆ ಆಕೆ ಮಿಲ್ಲಿನಿಂದ ಬಂದಾಗ ಹುಬ್ಬು, ರೆಪ್ಪೆ, ತುರುಬಿನ ತುಂಬ ಹತ್ತಿಯ ಎಳೆ ಇರುತ್ತಿದ್ದವು. ಬಾಗಿಲ ಹೊರಗೆ ನಿಂತು ಸೆರಗಿನಿಂದ ಝಾಡಿಸಿಕೊಂಡು, ಕೆಮ್ಮಿ, ಆಮೇಲೆ ಒಳಗೆ ಬರುತ್ತಿದ್ದಳು.

ನಾನು ಆರನೇ ತರಗತಿ ಮುಗಿಸಿದ ವರ್ಷ ತಮ್ಮ ಮಲ್ಲ್ಯಾ ಹುಟ್ಟಿದ. ಅವನ ಕತ್ತು ನಿಂತ ಮೇಲೆ ಅವ್ವ ಮಿಲ್ಲಿಗೆ ಹೋಗಲೇಬೇಕಿತ್ತು. ಹತ್ತಿಯ ಹಂಗಾಮು ಶುರುವಾಗಿತ್ತು, ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಮಿಲ್ಲಿನೊಳಗೆ ಕೂಸು ಒಯ್ಯುವಂತಿರಲಿಲ್ಲ. ಪಟ್ಟಾ ಸುತ್ತುವ ಯಂತ್ರಗಳು, ಉಸಿರಿಗೆಲ್ಲ ಅರಳೆಯ ಧೂಳು. ಅಪ್ಪ ಅವ್ವ ಊಟದ ಮುಂದೆ ಕೂತು ಜಗಳವಾಡಿದ್ದು ನನ್ನ ಬಗ್ಗೆಯೇ. ನಾನು ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳುತ್ತಿದ್ದೆ.

"ಹುಲಿಗಿದು ಸಾಲಿ ಬಿಡಿಸಬ್ಯಾಡ ಈರಮ್ಮ. ಏಳನೇತ್ತ ಪಾಸಾದ್ರ ಮುಂದ ಹಾದಿ ಅದ."

"ಮುಂದಿನ ಹಾದಿ ಮುಂದ. ಕೂಸು ಇವತ್ತ ಅಳಾಕತ್ತದ. ಚೀಲ ಹೊರೂಮುಂದ ನೀ ಬೆನ್ನಿಗಿ ಕಟಗೊಂಡು ಹೋಗ್ತಿಯೇನು?"

ಸಭೆಗಳಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗುತ್ತಿದ್ದ ಅಪ್ಪ, ಮನೆಯಲ್ಲಿ ಅವ್ವನ ಇಂಥ ಪ್ರಶ್ನೆಗಳ ಮುಂದೆ ತಾಟಿನೊಳಗಿನ ಪುಂಡಿಪಲ್ಲೆ ನೋಡುತ್ತ ಕೂತುಬಿಡುತ್ತಿದ್ದ. ಮರುದಿನದಿಂದ ನನ್ನ ಶಾಲೆ ಬಂದ್ ಆಯಿತು. ಏಳನೇ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ. ಅದನ್ನು ದಾಟಿದವರು ಹೈಸ್ಕೂಲಿಗೆ, ದಾಟದವರು ಮಿಲ್ಲಿಗೆ. ನಾನು ಪರೀಕ್ಷೆಯ ಹೊಸ್ತಿಲಿಗೂ ಹೋಗದೆ ಮಿಲ್ಲಿನ ಕಡೆಗೆ ಸರಿಯುತ್ತಿದ್ದೆ. ಗೋಳೋ ಎಂದು ಅತ್ತೆ, ನೆಲಕ್ಕೆ ಕಾಲು ಬಡಿದೆ, ತಮ್ಮನನ್ನು ಚಿವುಟಿಯೂ ನೋಡಿದೆ. ಅವನು ಅತ್ತನೇ ಹೊರತು ಬೇಗ ದೊಡ್ಡವನಾಗಲಿಲ್ಲ.

ಇದು ನನ್ನೊಬ್ಬಳ ಪಾಡಾಗಿರಲಿಲ್ಲ. ಓಣಿಯ ನಡುವಿನ ಬೇವಿನ ಗಿಡದ ಕೆಳಗೆ ನನ್ನಂಥ ಹುಡುಗಿಯರ ದೊಡ್ಡ ದಂಡೇ ಇತ್ತು, ಒಬ್ಬೊಬ್ಬಳ ಸೊಂಟಕ್ಕೊಂದು ಕೂಸು. ಅವರಲ್ಲಿ ಲಕ್ಷ್ಮಿ ನನ್ನ ತರಗತಿಯವಳೇ. ಲೆಕ್ಕದಲ್ಲಿ ನನಗಿಂತ ಚುರುಕು. ಮಾಸ್ತರು ಬೋರ್ಡಿನ ಮೇಲೆ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳುತ್ತಿದ್ದಳು. ಆಕೆಯ ಅವ್ವ ನಿಂಗಮ್ಮ ನಮ್ಮವ್ವನ ಜೊತೆಗೇ ಮಿಲ್ಲಿಗೆ ಹೋಗುವವಳು. ಅವರದು ಗಬ್ಬೂರಿನ ಕಡೆಯ ಕುರಿ ಕಾಯುವ ಮನೆತನ. ಗಂಡ ಕುರಿ ಹಿಂಡಿನ ಬೆನ್ನು ಹತ್ತಿ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅತ್ತೆ ಮಾಳಮ್ಮ ಗಂಜಿನಲ್ಲಿ ದಿನವಿಡೀ ಕಾಳು ಹಸನು ಮಾಡುವ ಕೆಲಸಕ್ಕಿದ್ದಳು. ಹೀಗಾಗಿ ಅವರ ಮನೆಯ ಕೂಸೂ ಲಕ್ಷ್ಮಿಯ ಪಾಲಿಗೆ ಬಂದಿತ್ತು. ನಾವಿಬ್ಬರೂ ಕಡ್ಡಿಯಿಂದ ಮಣ್ಣಿನ ಮೇಲೆ ಲೆಕ್ಕ ಬಿಡಿಸುತ್ತಿದ್ದೆವು. ಕೂಸುಗಳು ಅದರ ಮೇಲೆ ಅಂಬೆಗಾಲಿಟ್ಟು ಅಳಿಸಿಬಿಡುತ್ತಿದ್ದವು.

ಇಂಥದರಲ್ಲಿ ಒಂದು ಮಧ್ಯಾಹ್ನ ಮೊಮ್ಮಗನನ್ನು ನೋಡಲೆಂದು ಆಯಿ ಮಾನ್ವಿಯಿಂದ ಬಸ್ಸಿಗೆ ಬಂದಿಳಿದಳು. ಎತ್ತರದ ಆಳು, ಹಣೆಗೆ ಬಿಲ್ಲೆಯಷ್ಟು ದೊಡ್ಡ ಭಂಡಾರದ ಬೊಟ್ಟು, ಬಾಯಲ್ಲಿ ಸದಾ ಎಲೆಅಡಿಕೆ. ಮೆಲ್ಲಗೆ ಮಾತಾಡುವುದು ಆಕೆಗೆ ಬರುತ್ತಲೇ ಇರಲಿಲ್ಲ. ಗಂಟನ್ನು ತಲೆಯಿಂದ ಇಳಿಸದೆಯೇ ಬೇವಿನ ಗಿಡದ ಕೆಳಗಿನ ನಮ್ಮ ಸಂಸಾರವನ್ನು ನೋಡಿ ನಿಂತಳು.

"ಏನವಾ ಇದು? ನಿಮ್ಮ ಊರಾಗ ಬೇವಿನ ಗಿಡಕ್ಕ ಕೂಸು ಕಾಯಾಗತಾವೇನು?"

ನಾವೆಲ್ಲ ನಕ್ಕೆವು. ಆಕೆ ನಗಲಿಲ್ಲ. ನನ್ನ ಗದ್ದ ಹಿಡಿದೆತ್ತಿ ಕೇಳಿದಳು.

"ಹುಲಿಗಿ, ಸಾಲಿ ಬೇಕೋ ಬ್ಯಾಡೋ? ನಿಮ್ಮವ್ವ ಏನಂತಾಳ ಬಿಡು. ನಿನ್ನ ಬಾಯಿಲೆ ಹೇಳು."

"ಬೇಕಬೇ."

"ಹಂಗಾರ ಕೂಸು ಇತ್ತ ಕೊಟ್ಟು ಓಡು."

ಓಡಿದೆ. ಪಾಟಿ ಚೀಲ ಕೂಡ ತೆಗೆದುಕೊಳ್ಳದೆ ಓಡಿದೆ. ಮರುದಿನ ನಾನು ಹೊರಡುವಾಗ ಲಕ್ಷ್ಮಿ ನಮ್ಮ ಬಾಗಿಲಿಗೆ ಬಂದು, ಕೂಸನ್ನು ಎತ್ತಿಕೊಂಡೇ ನಿಂತಳು. ಆಯಿ ಅವಳನ್ನೂ ನನ್ನನ್ನೂ ನೋಡಿ, ತಮ್ಮನ ಜೋಲಿಯ ಪಕ್ಕ ತನ್ನ ಹಳೆಯ ಸೀರೆಯಿಂದ ಇನ್ನೊಂದು ಜೋಲಿ ತೊಲೆಗೆ ಕಟ್ಟಿದಳು. ಲಕ್ಷ್ಮಿ ಬಂದದ್ದನ್ನು ನೋಡಿ ಉಳಿದ ಹುಡುಗಿಯರೂ ಬಂದರು. ವಾರ ಕಳೆಯುವಷ್ಟರಲ್ಲಿ ನಮ್ಮ ಮನೆಯ ತೊಲೆಗಳ ತುಂಬ ಜೋಲಿ. ತೆವಳುವ ವಯಸ್ಸಿನವು ಗೋದಲಿಯೊಳಗೆ, ಏಕೆಂದರೆ ಅಲ್ಲಿಂದ ಹತ್ತಿ ಇಳಿಯಲು ಅವಕ್ಕೆ ಬರುತ್ತಿರಲಿಲ್ಲ. ಆಯಿ ಜೋಲಿಗಳ ಹಗ್ಗಗಳನ್ನೆಲ್ಲ ಒಂದೇ ಗಂಟಿಗೆ ಸೇರಿಸಿ, ಆ ಗಂಟನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಗೋಡೆಗೆ ಒರಗಿ, ಎಲೆಅಡಿಕೆ ಮೆಲ್ಲುತ್ತ ಕಾಲು ಅಲ್ಲಾಡಿಸುತ್ತಿದ್ದಳು. ಇಡೀ ಮನೆ ತೂಗುತ್ತಿತ್ತು.

ಅವ್ವನಿಗೆ ಇದು ಒಂದಿಷ್ಟೂ ಹಿಡಿಸಲಿಲ್ಲ. ದುಡಿದು ದಣಿದು ಬಂದವಳಿಗೆ ಕಾಲಿಡಲು ಜಾಗವಿಲ್ಲ, ನೆಲವೆಲ್ಲ ಒದ್ದೆ.

"ಇದು ಮನಿನೋ ಸಂತಿನೋ? ನನ್ನ ಕೂಸು ನೋಡಾಕ ಬಂದೀದೋ, ಓಣಿ ಮಂದಿದು ನೋಡಾಕ ಬಂದೀದೋ?"

"ನಾ ಇವತ್ತ ಅದೀನಿ, ನಾಳಿ ಮಾನ್ವಿಗಿ ಹೋಗ್ತೀನಿ. ನಾ ಹೋದಮ್ಯಾಲೆ ಹುಲಿಗಿ ಮತ್ತ ಗಿಡದ ಬುಡಕ್ಕ ಕುಂದ್ರಬೇಕೇನು? ಎಲ್ಲಾರ ಕೂಸು ಒಂದಕಡಿ ಇದ್ರ ಎಲ್ಲಾ ಅವ್ವಗೋಳು ಪಾಳಿ ಹಿಡೀತಾರ. ದಿನಕ್ಕೊಬ್ಬಾಕಿ. ಒಂದಿನಾ ಕೂಲಿ ಹೋದ್ರ ಉಳಿದ ದಿನಾ ಹುಡುಗ್ಯಾರ್ದು ಸಾಲಿ ಉಳೀತದ."

"ಹಂಗಾಮಿನಾಗ ಮಿಲ್ಲು ಬಿಟ್ಟು ಮಂದಿ ಕೂಸು ಕಾಯೋ ಹುಚ್ಚಿ ಯಾರಬೇ? ನಾ ಅಂತೂ ಪಾಳಿ ಗೀಳಿ ಹಿಡಿಯಂಗಿಲ್ಲ. ಈಗ ಹೇಳೀನಿ."

ಅವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ಹಂಗಾಮಿನಲ್ಲಿ ಒಂದು ದಿನ ತಪ್ಪಿಸಿದರೆ ಕೂಲಿಯವರ ಮೇಲಿನ ಮುಕಾದಮ ಮರುದಿನ ಬೇರೆಯವಳನ್ನು ಕರೆದುಕೊಳ್ಳುತ್ತಿದ್ದ. ಆದರೂ ನನಗೆ ಆ ದಿನ ಅವ್ವನ ಮೇಲೆ ವಿಪರೀತ ಸಿಟ್ಟು ಬಂತು. ಆಯಿ ಇರುವವರೆಗೆ ಮಾತ್ರ ನನ್ನ ಶಾಲೆ ಎಂಬುದು ಅಂದೇ ಸ್ಪಷ್ಟವಾಯಿತು.

ಊರಿಗೆ ಹೋಗುವ ಮೊದಲೇ ಆಯಿ ತನ್ನ ಕೈಯಾರೆ ಕೆಲಸ ಕೆಡಿಸಿದಳು. ನಮ್ಮ ಕಡೆ ಕೂಸಿರುವ ಮನೆಗೆ ಯಾರೂ ಬರಿಗೈಲಿ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಸೆರಗಿನ ತುದಿಯಲ್ಲಿ ಒಂದು ಹಿಡಿ ಜೋಳವನ್ನಾದರೂ ಕಟ್ಟಿಕೊಂಡು ಹೋಗುತ್ತಾರೆ. ಒಂದು ಮುಂಜಾನೆ ನಿಂಗಮ್ಮ ಹಾಗೇ ಸೆರಗು ಬಿಚ್ಚಿ ಜೋಳ ಸುರಿಯಲು ಬಂದಳು. ಆಯಿಗೆ ಅದು ಕೂಲಿ ಕೊಟ್ಟಂತೆ ಕಂಡು ರೋಷ ಉಕ್ಕಿತು.

"ನಾ ಕಾಳಿನ ಆಸೆಕ್ಕ ಕೂಸು ಕಾಯಾಕಿ ಅಲ್ಲ. ಗಂಟು ಕಟಗೊಂಡು ನಡಿ."

ನಿಂಗಮ್ಮನ ಮುಖ ಸಣ್ಣದಾಯಿತು. ಜೋಳವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ಜೋಲಿಯಲ್ಲಿ ಮಲಗಿದ್ದ ಕೂಸನ್ನು ಎತ್ತಿಕೊಂಡು ಹೊರಟುಹೋದಳು. ಮರುದಿನ ಯಾರೂ ಬರಲಿಲ್ಲ. ತೊಲೆಗಳಿಗೆ ಖಾಲಿ ಸೀರೆಗಳು ಜೋತುಬಿದ್ದಿದ್ದವು. ಲಕ್ಷ್ಮಿ ಮತ್ತೆ ಬೇವಿನ ಗಿಡದ ಕೆಳಗೆ ಕೂತಳು, ನಾನು ಶಾಲೆಗೆ ಹೋಗುವಾಗ ಮುಖ ಆಚೆ ತಿರುಗಿಸಿದಳು. ಸಂಜೆ ಆಯಿ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಪಾಳಿ ಗೀಳಿ ಹಿಡಿಯುವುದಿಲ್ಲ ಎಂದಿದ್ದ ಅವ್ವನೇ ರೊಟ್ಟಿ ಬಡಿಯುತ್ತ ಬಾಯಿಬಿಟ್ಟಳು.

"ಕೂಸಿನ ಮನಿಗಿ ಬರಿಗೈಲೆ ಹೋಗಬಾರದು ಅಂತ ನನಗ ಕಲಿಸಿದಾಕಿ ನೀನ. ತಂದಿದ್ದ ಒಲ್ಲೆ ಅಂದ್ರ ನಿನಗೂ ನನಗೂ ಏನೂ ಸಂಬಂಧ ಇಲ್ಲ ಅಂದಂಗ. ಆಕಿ ಬಿಕ್ಷಾ ಬೇಡಾಕ ಬಂದಿದ್ಲೇನು, ಪುಕ್ಕಟ ಕೂಸು ಬಿಟ್ಟು ಹೋಗಾಕ?"

ಆಯಿ ಅಂದು ರೊಟ್ಟಿ ಮುಟ್ಟದೆ ಮಲಗಿದಳು.  ಬೆಳಗಾದ ಮೇಲೆ ಎದ್ದು, ಗೋಡೆಗೆ ಒರಗಿಸಿದ್ದ ಮೊರವನ್ನು ಎತ್ತಿಕೊಂಡು ಓಣಿಗೆ ಇಳಿದಳು. ದೇವರ ಹೆಸರಿನ ಮೇಲೆ ಜೋಗ ಬೇಡುವವರು ಮಾತ್ರ ಹಾಗೆ ಮನೆಮನೆಗೆ ಹೋಗುತ್ತಾರೆ. ಅವ್ವ ನಾಚಿಕೆಯಿಂದ ಬಾಗಿಲ ಹಿಂದೆ ಸರಿದಳು. ಆಯಿ ನೇರ ನಿಂಗಮ್ಮನ ಬಾಗಿಲಿಗೆ ಹೋಗಿ ಮೊರ ಚಾಚಿ ನಿಂತಳು.

"ಬೇ ನಿಂಗವ್ವ, ಮೊನ್ನಿಂದು ನನ್ನ ತಪ್ಪು. ನಿನ್ನ ಹಿಡಿ ಇದರಾಗ ಹಾಕು. ಹಾಕೂತನಾ ನಾ ಇಲ್ಲಿಂದ ಹೋಗಂಗಿಲ್ಲ."

ನಿಂಗಮ್ಮ ಹಾಕಿದಳು, ಒಂದಲ್ಲ ಎರಡು ಹಿಡಿ. ಪಕ್ಕದ ಮನೆಯವಳು ತಾನಾಗಿಯೇ ತಂದು ಹಾಕಿದಳು. ಆಯಿ ಓಣಿಯ ಆ ತುದಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಮೊರ ತುಂಬಿ, ಕೂಸುಗಳ ಮೆರವಣಿಗೆ ಆಕೆಯ ಬೆನ್ನಿಗಿತ್ತು. ಅಂದಿನಿಂದ ಆ ಜೋಳವೇ ಕೂಸುಗಳ ಮಧ್ಯಾಹ್ನದ ಅಂಬಲಿಯಾಯಿತು. ಜೋಳ ಎಲ್ಲರದು, ಗಡಿಗೆ ಒಂದು.

ಗಡಿಗೆ ಒಂದು ಎಂಬುದೇ ಮಾಳಮ್ಮನಿಗೆ ಸಹನೆಯಾಗಲಿಲ್ಲ. ತನ್ನ ಮೊಮ್ಮಗ ನಮ್ಮ ಒಲೆಯ ಮೇಲೆ ಬೆಂದ ಅಂಬಲಿ ಕುಡಿಯುತ್ತಾನೆಂದು ತಿಳಿದ ದಿನ ಆಕೆ ಗಂಜಿನ ಕೆಲಸ ಬಿಟ್ಟು ನಮ್ಮ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಹೊರಗೆ ನಿಂತು ಸೊಸೆಯನ್ನು, ಆಯಿಯನ್ನು, ಶಹರವನ್ನು ಒಂದೇ ಉಸಿರಿನಲ್ಲಿ ಬೈದಳು. ಅಂದು ಯಾವುದೋ ಹಬ್ಬಕ್ಕೆ ಶಾಲೆಗೆ ರಜೆ. ನಾನೂ ಲಕ್ಷ್ಮಿಯೂ ಗೋದಲಿಯ ಹಿಂದೆ ಅವಿತು ನೋಡುತ್ತಿದ್ದೆವು. ಇನ್ನು ಲಕ್ಷ್ಮಿಯ ಶಾಲೆ ಮುಗಿಯಿತು ಎಂದೇ ನನಗನಿಸಿತು. ಅವಳು ನನ್ನ ಮೊಣಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

"ನಮ್ಮ ಜ್ವಾಳ ನಮಗ ಕೊಡ್ರಿ. ನಮ್ಮ ಕೂಸಿಗಿ ನಮ್ಮ ಮನ್ಯಾಗ ಕುದಸ್ತೀವಿ."

ಆಯಿ ಸಿಟ್ಟಾಗಲಿಲ್ಲ. ಗಡಿಗೆಯ ಜೋಳವನ್ನೆಲ್ಲ ಮೊರಕ್ಕೆ ಸುರಿದು ಮಾಳಮ್ಮನ ಮುಂದಿಟ್ಟಳು.

"ತಗೋಳ್ರಿ ಯವ್ವಾ. ನಿಮ್ಮ ಕಾಳು ಯಾವವು ಅವ, ಆರಿಸಿಕೊಳ್ರಿ. ನಾ ಒಂದೂ ಮುಟ್ಟಂಗಿಲ್ಲ."

ಮಾಳಮ್ಮನೂ ಹಟದವಳೇ. ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಮೊರವನ್ನು ತೊಡೆಯ ಮೇಲೆಳೆದುಕೊಂಡು ಕಾಳು ನೋಡತೊಡಗಿದಳು. ಆದರೆ ವರ್ಷಗಟ್ಟಲೆ ಕಾಳು ಹಸನು ಮಾಡಿದ ಕೈ ಅದು. ತನ್ನ ಕಾಳು ಹುಡುಕುತ್ತೇನೆಂದು ಕೂತವಳ ಬೆರಳು ತಾವಾಗಿಯೇ ಹರಳು ತೆಗೆಯತೊಡಗಿದವು. ಒಂದು ಹರಳು ತೆಗೆದಳು, ಇನ್ನೊಂದು ತೆಗೆದಳು. ಹೊಟ್ಟು ಕಂಡಿತು, ಕೇರಿದಳು. ಹುಳುಕು ಕಾಳು ಕಂಡಿತು, ಬದಿಗೆ ಸರಿಸಿದಳು. ಇಂಥ ಹೊಲಸು ಜೋಳ ಕೂಸಿಗೆ ಹಾಕಿದರೆ ಹೊಟ್ಟೆನೋವು ಬರದೆ ಇನ್ನೇನು ಎಂದು ಗೊಣಗುತ್ತ, ಬಿಸಿಲು ಮೊಣಕಾಲಿಗೆ ಬಂದರೂ ಏಳದೆ ಕೂತಳು. ಕೊನೆಗೆ ನೋಡಿದರೆ ಮೊರದ ತುಂಬ ಒಂದೇ ಒಂದು ಹರಳಿಲ್ಲದ, ಮುತ್ತಿನಂಥ ಜೋಳ. ಯಾರ ಮನೆಯದು ಯಾವುದು ಎಂದು ಬೇರ್ಪಡಿಸಿದ್ದು ಒಂದು ಕಾಳೂ ಇಲ್ಲ. ಅಷ್ಟರಲ್ಲಿ ಒಳಗೆ ಆಕೆಯ ಮೊಮ್ಮಗ ಹಸಿದು ಕಿರುಚಿದ. ಮಾಳಮ್ಮ ಮೊರ ಹಿಡಿದುಕೊಂಡು ಎದ್ದಳು, ಹೊಸ್ತಿಲು ದಾಟಿದಳು, ಗಡಿಗೆಗೆ ಸುರಿದಳು.

"ಏ, ಬೀಸೂ ಕಲ್ಲು ಎಲ್ಲ್ಯದ? ಸುಮ್ನ ನನ್ನ ಮಾರಿ ಏನ್ ನೋಡಾಕತ್ತೀರಿ!"

ಮರುದಿನ ಗಂಜಿಗೆ ಹೋಗುವ ಮೊದಲು ಆಕೆ ತಾನಾಗಿಯೇ ಬಂದು ಅಂದಿನ ಜೋಳ ಹಸನು ಮಾಡಿಕೊಟ್ಟು ಹೋದಳು. ಆಮೇಲೆ ವಾರಕ್ಕೊಂದು ದಿನ ಪಾಳಿ ಹಿಡಿದ ಮೊದಲನೆಯ ಹೆಂಗಸೂ ಆಕೆಯೇ. ಅತ್ತೆ ಹಿಡಿದಳೆಂದು ಸೊಸೆ ಹಿಡಿದಳು, ನಿಂಗಮ್ಮ ಹಿಡಿದಳೆಂದು ಉಳಿದವರು ಹಿಡಿದರು. ಯಾರ ಪಾಳಿಯೋ ಅವರ ಮಿಲ್ಲಿನ ಪಾಲಿನ ಹತ್ತಿಯನ್ನು ಉಳಿದವರು ಹಂಚಿಕೊಂಡು ಆರಿಸಿ, ಮುಕಾದಮನ ಬಾಯಿ ಮುಚ್ಚಿಸುತ್ತಿದ್ದರು. ಇಡೀ ಓಣಿಯಲ್ಲಿ ಪಾಳಿ ಹಿಡಿಯದೆ ಉಳಿದವಳು ನಮ್ಮವ್ವ ಒಬ್ಬಳೇ. ಮನೆಯನ್ನೇ ಕೊಟ್ಟಿದ್ದೇನೆ, ಇನ್ನೇನು ಕೊಡಲಿ ಎನ್ನುವಳು. ಅದೂ ನಿಜವೇ ಆಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಮನೆ ಮಾಲೀಕ ಬಂದು ತೊಲೆಗಳನ್ನು ನೋಡಿ ಕಣ್ಣು ಕೆಂಪಗೆ ಮಾಡಿದ. ತೊಲೆ ಮುರಿದು ಮಾಳಿಗೆ ಕುಸಿದರೆ ಯಾರು ಹೊಣೆ, ಜೋಲಿ ಬಿಚ್ಚಿರಿ, ಇಲ್ಲವೇ ಮನೆ ಬಿಡಿರಿ ಎಂದ. ಒಂದು ತೊಲೆ ನಡುವೆ ಬಿರಿದದ್ದೂ ಹೌದು. ಪರೀಕ್ಷೆ ಹತ್ತಿರ ಬರುತ್ತಿತ್ತು. ಜೋಲಿ ಬಿಚ್ಚಿದರೆ ನಾವೆಲ್ಲ ಮತ್ತೆ ಗಿಡದ ಕೆಳಗೆ. ಆಗ ನಿಂಗಮ್ಮನಿಗೆ ಓಣಿಯ ಮೂಲೆಯ ಜಕಾತಿ ನಾಕಾ ನೆನಪಾಯಿತು. ಶಹರದೊಳಗೆ ಬರುವ ಸರಕಿನ ಮೇಲೆ ತೆರಿಗೆ ವಸೂಲಿ ಮಾಡುತ್ತಿದ್ದ ಕಟ್ಟಡ ಅದು. ಸರಕಾರ ಜಕಾತಿಯನ್ನೇ ಎತ್ತಿಹಾಕಿದ ಮೇಲೆ ಬೀಗ ಬಿದ್ದು, ಬಾವಲಿಗಳ ಮನೆಯಾಗಿತ್ತು. ಗಟ್ಟಿ ಕಲ್ಲಿನ ಗೋಡೆ, ಕಬ್ಬಿಣದ ತೊಲೆ, ಮುಂದೆ ಕಟ್ಟೆ. ಕೂಸಿಗೆ ಹೇಳಿ ಮಾಡಿಸಿದ ಜಾಗ.

ಅದೇ ದಿನಗಳಲ್ಲಿ ಚುನಾವಣೆ ಬಂತು. ನಮ್ಮ ವಾರ್ಡಿನ ಮೆಂಬರು ಬೆಳ್ಳನೆಯ ಧೋತರ ಉಟ್ಟು, ಕೈ ಮುಗಿಯುತ್ತ ಓಣಿಗೆ ಬಂದ. ಹೆಂಗಸರು ಮಿಲ್ಲಿಗೆ ಹೊರಡುವ ಹೊತ್ತದು. ಆಯಿ ಬಾಗಿಲಲ್ಲೇ ಕಾದಿದ್ದಳು.

"ಕೈ ಮುಗೀಬ್ಯಾಡ ಯಪ್ಪಾ. ಕೈ ಚಾಚು."

ಏನೋ ಹಾರ ಗೀರ ಇರಬೇಕೆಂದು ಆತ ಕೈ ಚಾಚಿದ. ಆಯಿ ಮಲ್ಲ್ಯಾನನ್ನು ಇಟ್ಟಳು. ನಿಂಗಮ್ಮ ತನ್ನ ಕೂಸನ್ನು ಇನ್ನೊಂದು ತೋಳಿಗೆ ಒರಗಿಸಿದಳು. ಮೂರನೆಯವಳೊಬ್ಬಳು ಆತನನ್ನು ಮೆಲ್ಲಗೆ ಒಳಗೆ ಕರೆದು ಗೋದಲಿಯ ದಂಡೆಗೆ ಕೂಡಿಸಿ ತೊಡೆಯ ಮೇಲೆ ಮತ್ತೊಂದನ್ನು ಬಿಟ್ಟಳು. ಎಲ್ಲರೂ ಬುತ್ತಿ ಎತ್ತಿಕೊಂಡು ಹೊರಟಂತೆ ಮಾಡಿದರು.

"ಎಲ್ಲಿಗಿ ಹೊಂಟ್ರಿ? ಏ ಯವ್ವಾ! ಇವು ಅಳಾಕತ್ತಾವ!"

"ಮಿಲ್ಲಿಗಿ ಹೋಗಿ ಸಂಜಿಕ್ಕ ಬರ್ತೀವ್ರಿ. ಅಲ್ಲೀತನಾ ನೋಡಕೋಳ್ರಿ. ಓಟಿನ ಮಾತು ಆಮ್ಯಾಲೆ."

ಆತನ ಹಿಂದೆ ಬಂದಿದ್ದ ಗಂಡಸರು ನಗಲೋ ಬಿಡಲೋ ಎಂದು ನಿಂತಿದ್ದರು. ಮೆಂಬರಿನ ಹಣೆಯ ಮೇಲೆ ಬೆವರು. ನಾಕಾದ ಬೀಗದ ಕೈ ಬೇಕು ಎಂದಳು ಮಾಳಮ್ಮ. ಅದು ಸರಕಾರದ ಆಸ್ತಿ, ಹಾಗೆಲ್ಲ ಕೊಡಲು ಬರುವುದಿಲ್ಲ ಎಂದ ಆತ. ಆಗ ನಮ್ಮಪ್ಪ, ಮನೆಯಲ್ಲಿ ಎಂದೂ ದನಿ ಎತ್ತದ ಅಪ್ಪ, ಚೀಲ ಎಳೆಯುವ ಕೊಕ್ಕೆಯನ್ನು ಹೆಗಲಿನಿಂದ ತೆಗೆದಿಟ್ಟು ಮುಂದೆ ಬಂದ.

"ಸರಕಾರದ್ದು ಅಂತ ಗೊತ್ತದ್ರಿ. ಅದಕ್ಕ ನಿಮ್ಮನ್ನ ಕೇಳಾಕತ್ತೀವಿ. ಇಲ್ಲಂದ್ರ ನಾವ ಬೀಗ ಮುರೀತಿದ್ವಿ. ಕಳ್ಳರಂಗ ಹೋಗೂದು ಬ್ಯಾಡ, ಊರ ಮಂದಿಯಂಗ ಮುಂದಿನ ಬಾಗಿಲಿನಿಂದ ಹೋಗೂಣು ಅಂತ."

ಅವ್ವ ಅಪ್ಪನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಅರ್ಜಿ ಬರೆದದ್ದು ನಾನು. ಲಕ್ಷ್ಮಿ ಕಾಗುಣಿತ ತಿದ್ದಿದಳು. ಹೆಂಗಸರು ಹೆಬ್ಬೆಟ್ಟು ಒತ್ತಿದರು. ಅರ್ಜಿಯನ್ನು ಮೆಂಬರಿನ ಕೈಗೆ ಕೊಟ್ಟು ಕಳಿಸಿ ಸುಮ್ಮನೆ ಕೂಡದೆ, ಕೂಸುಗಳನ್ನೆತ್ತಿಕೊಂಡು ಎಲ್ಲರೂ ಆತನ ಜೊತೆಗೇ ಮುನ್ಸಿಪಾಲಿಟಿಗೆ ನಡೆದರು. ಅಲ್ಲಿನ ಸಾಹೇಬರು ಒಳ್ಳೆಯವರು. ಅರ್ಜಿ ಓದಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಹೆಂಗಸರು ನನ್ನನ್ನೂ ಲಕ್ಷ್ಮಿಯನ್ನೂ ಮುಂದೆ ತಳ್ಳಿದರು. ಸಾಹೇಬರು ನಮ್ಮಿಬ್ಬರನ್ನೂ ನೋಡಿ, ನಾಕಾ ಸದ್ಯಕ್ಕೆ ಕೂಸುಗಳಿಗಿರಲಿ ಎಂದು ಬೀಗದ ಕೈ ಕೊಡಿಸಿದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಮನೆಗೆ ನಡೆದು ಬಂದದ್ದೇ ಗೊತ್ತಾಗಲಿಲ್ಲ.

ಆಮೇಲೆ ನಡೆದದ್ದು ನಮ್ಮ ಓಣಿ ಎಂದೂ ಕಾಣದ ಹಬ್ಬ. ಬಾವಲಿಗಳನ್ನು ಹೊಗೆ ಹಾಕಿ ಓಡಿಸಿದರು. ಗಂಜಿನ ಹಮಾಲರು ದುಡಿಮೆ ಮುಗಿಸಿ ಬಂದು ಫರಸಿ ಕಲ್ಲುಗಳನ್ನು ಬೆನ್ನ ಮೇಲೆ ಹೊತ್ತು ತಂದು ನೆಲಕ್ಕೆ ಹಾಸಿದರು. ಹೆಂಗಸರು ಸುಣ್ಣ ಬಳಿದರು. ಗೋಡೆಗಿಂತ ಒಬ್ಬರಿಗೊಬ್ಬರು ಬಳಿದುಕೊಂಡದ್ದೇ ಹೆಚ್ಚು. ನಿಂಗಮ್ಮನ ಗಂಡ ಕುರಿ ಹಿಂಡಿನ ಜೊತೆ ಆ ಕಡೆಯೇ ಹಾದುಹೋಗುತ್ತಿದ್ದವನು ಸುದ್ದಿ ಕೇಳಿ ಕಂಬಳಿಗಳನ್ನು ತಂದು ಹಾಸಿದ. ಮಾಳಮ್ಮ ಅಂಗಳದ ಗಾಜಿನ ಚೂರು, ಕಲ್ಲುಗಳನ್ನು ಜೋಳದಿಂದ ಹರಳು ಆರಿಸಿದಂತೆ ಆರಿಸಿದಳು. ಮೆಂಬರು ಹಾರ, ಭಾಷಣ ಎಲ್ಲ ಸಿದ್ಧ ಮಾಡಿಕೊಂಡು ಉದ್ಘಾಟನೆಗೆ ಬಂದಾಗ ಕೂಸುಗಳು ಆಗಲೇ ಒಳಗೆ ಮಲಗಿಬಿಟ್ಟಿದ್ದವು. ಎಬ್ಬಿಸಿದರೆ ನೀವೇ ತೂಗಬೇಕು ಎಂದು ಆಯಿ ಎಚ್ಚರಿಕೆ ಕೊಟ್ಟಳು. ಪಾಪ, ಆತ ಇಡೀ ಭಾಷಣವನ್ನು ಪಿಸುಗುಟ್ಟುವ ದನಿಯ‌ಲ್ಲೇ ಮಾಡಿದ. ಅಷ್ಟು ಒಳ್ಳೆಯ ಭಾಷಣವನ್ನು ನಾನು ಇವತ್ತಿಗೂ ಕೇಳಿಲ್ಲ. ಜನ ಸದ್ದಾಗದಂತೆ ಚಪ್ಪಾಳೆ ತಟ್ಟಿದರು.

ಪರೀಕ್ಷೆಗೆ ಕೆಲವೇ ದಿನ ಇದ್ದಾಗ ಮಾನ್ವಿಯಿಂದ ಹೇಳಿಕಳಿಸಿದರು. ಸೋದರಮಾವನ ಹೆಂಡತಿಗೆ ಹೆರಿಗೆಯ ದಿನ ಹತ್ತಿರವಿತ್ತು. ಆಯಿ ಗಂಟು ಕಟ್ಟಿ ಬಸ್ಸು ಹತ್ತಿದಳು. ಇನ್ನು ನನ್ನ ಅವಶ್ಯ ಇಲ್ಲ, ಪಾಳಿ ನಡೆಯುತ್ತದೆ ಎಂದಳು. ನಡೆಯಿತು ಕೂಡ, ಸರಿಯಾಗಿ ಪರೀಕ್ಷೆಯ ಮೊದಲನೆಯ ದಿನದವರೆಗೆ. ಅಂದು ಮುಂಜಾನೆ ನಾನೂ ಲಕ್ಷ್ಮಿಯೂ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಕೂಸುಗಳನ್ನು ಬಿಡಲು ನಾಕಾಕ್ಕೆ ಹೋದರೆ ಬಾಗಿಲಿಗೆ ಬೀಗ. ಅಂದಿನ ಪಾಳಿಯವಳಿಗೆ ರಾತ್ರಿಯಿಂದ ಚಳಿಜ್ವರ. ಹುಡುಗಿಯರೆಲ್ಲ ಕೂಸುಗಳನ್ನು ಎತ್ತಿಕೊಂಡು ಕಟ್ಟೆಯ ಮೇಲೆ ನಿಂತಿದ್ದರು. ಅವ್ವಂದಿರು ಬುತ್ತಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅದು ಹಂಗಾಮಿನ ಕೊನೆಯ ದೊಡ್ಡ ವಾರ, ಲಾರಿಗಳು ಬಂದು ನಿಂತಿದ್ದವು. ಅಂದು ತಪ್ಪಿಸಿದವಳಿಗೆ ಉಳಿದ ಹಂಗಾಮಿಗೆ ಕೆಲಸವಿಲ್ಲ ಎಂದು ಮುಕಾದಮ ಹಿಂದಿನ ಸಂಜೆಯೇ ಸಾರಿದ್ದ. ಪರೀಕ್ಷೆಯ ಗಂಟೆಗೆ ಹೆಚ್ಚು ಹೊತ್ತಿರಲಿಲ್ಲ.  ಲಕ್ಷ್ಮಿ ಕೈಯಲ್ಲಿದ್ದ ಪೆನ್ನನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು.

"ನೀ ಹೋಗು ಹುಲಿಗಿ. ಇಬ್ಬರಾಗ ಒಬ್ಬಾಕಿಯಾದ್ರೂ ಪರೀಕ್ಷಾ ಬರೀಲಿ. ಮಲ್ಲ್ಯಾನ್ನ ನನ್ನ ಹಂತ್ಯಾಕ ಕೊಡು."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಬಂದಳು. ಮಿಲ್ಲಿಗೆಂದು ತಲೆಗೆ ಕಟ್ಟಿದ್ದ ಅರಿವೆಯನ್ನು ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡಳು. ಬೀಗದ ಕೈ ಯಾರಲ್ಲಿದೆ ಎಂದು ಕೇಳಿ ಈಸಿಕೊಂಡು ಬಾಗಿಲು ತೆರೆದಳು. ಒಬ್ಬೊಬ್ಬಳ ಕೈಯಿಂದ ಕೂಸು ತೆಗೆದುಕೊಂಡು ಒಳಗೆ ಬಿಡುತ್ತ ಹೋದಳು. ಯಾರ ಮುಖವನ್ನೂ ನೋಡಲಿಲ್ಲ. ಲಕ್ಷ್ಮಿಯ ಕೈಯಿಂದಲೂ ತೆಗೆದುಕೊಂಡಳು. ಅಷ್ಟರಲ್ಲಿ ಆಳು ಕಡಿಮೆ ಬಿದ್ದದ್ದು ಕಂಡು ಮುಕಾದಮ ಮಿಲ್ಲಿನಿಂದ ಸೈಕಲ್ಲಿನ ಮೇಲೆ ಬಂದ. ನಾಕಾದ ಮುಂದೆ ಒಂದು ಕಾಲು ಊರಿ ಅವ್ವನನ್ನು ಕೂಗಿದ.

"ಈರಮ್ಮ, ಲಾರಿ ನಿಂತಾವ. ಇವತ್ತ ಬರಲಿಲ್ಲಂದ್ರ ನಿನ್ನ ಜಾಗಾಕ್ಕ ಬ್ಯಾರೆದಾಕಿ ಬರ್ತಾಳ. ಆಮ್ಯಾಲೆ ನನ್ನ ಬಾಗಿಲಿಗಿ ಬರಬ್ಯಾಡ."

"ಬರಲಿ ಬಿಡ್ರಿ. ಇವತ್ತ ನನ್ನ ಪಾಳಿ ಅದ."

ಬುತ್ತಿ ಹಿಡಿದು ನಿಂತಿದ್ದ ಹೆಂಗಸರಲ್ಲಿ ಒಬ್ಬಳೂ ಮಿಲ್ಲಿನ ಕಡೆಗೆ ಹೆಜ್ಜೆ ಇಡಲಿಲ್ಲ. ಗಂಜಿಗೆ ಹೊರಟಿದ್ದ ಮಾಳಮ್ಮನೂ ಕಟ್ಟೆಯ ಮೇಲೆ ಕೂತೇಬಿಟ್ಟಳು. ಈರಮ್ಮನ ಜಾಗಕ್ಕೆ ಬೇರೆಯವಳು ಬರುವುದಾದರೆ ನಮ್ಮೆಲ್ಲರ ಜಾಗಕ್ಕೂ ಹುಡುಕಿಕೋ ಎಂದಳು ನಿಂಗಮ್ಮ. ಲಾರಿಗಳು ನಿಂತಿದ್ದವು, ಹತ್ತಿ ತುಂಬಿತ್ತು. ಮುಕಾದಮ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒಂದು ಸಲ ಬಾರಿಸಿದ. ಒಳಗೆ ಇಣುಕಿದ. ಜೋಲಿಗಳನ್ನು, ಕಂಬಳಿಯ ಮೇಲೆ ಉರುಳಾಡುವ ಕೂಸುಗಳನ್ನು ನೋಡಿದ. ನಾವು ಹುಡುಗಿಯರು ಆಗಲೇ ಓಣಿಯ ತಿರುವಿಗೆ ಓಡಿದ್ದೆವು. ಆತನ ದನಿ ಬದಲಾದದ್ದು ಕೇಳಿ ನಾನು ಹಿಂತಿರುಗಿ ನೋಡಿದೆ.

"ಸರಿ, ನಾಳಿಂದ ಬಾ. ನಿನ್ನ ಜಾಗಾ ಎಲ್ಲೂ ಹೋಗಂಗಿಲ್ಲ." ಆಮೇಲೆ ಸೈಕಲ್ಲಿನಿಂದ ಇಳಿದು, ಹೆಂಗಸರಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಏನೋ ಕೇಳಿದ. ಏನೆಂದು ಸಂಜೆ ಅವ್ವ ಹೇಳಿದಳು. "ನಮ್ಮ ಮನ್ಯಾಗೂ ಒಂದು ಕೂಸದ. ದೊಡ್ಡ ಹುಡುಗಿ ಅದನ್ನ ಹಿಡಕೊಂಡು ಮನ್ಯಾಗ ಕುಂತಾಳ. ಇಲ್ಲಿ ಜಾಗಾ ಅದ ಏನು?"

ಅವ್ವ ಸಣ್ಣ ದನಿಯಲ್ಲಿ ಉತ್ತರಿಸಲಿಲ್ಲ. ಅಂದು ಮೊದಲ ಸಲ ಆಕೆಯ ದನಿ ಆಯಿಯ ದನಿಯಂತೆಯೇ ಇಡೀ ಓಣಿಗೆ ಕೇಳಿಸಿತು.

"ಜಾಗಾ ಅದ. ಮದಲ ಆ ಹುಡುಗಿಗಿ ಸಾಲಿಗಿ ಕಳಸ್ರಿ, ಆಮ್ಯಾಲೆ ಕೂಸು ತರ್ರಿ."